ಆರನೇ ಜುಮುಕಿ

ಈ ತಟ್ಟೆ ನೋಡಿ. ಐದು ಮಣ್ಣಿನ ಜುಮುಕಿ ಇವೆ. ಆರು ಇರಬೇಕಿತ್ತು.

ಆರನೆಯದು ಮೊನ್ನೆ ಸಂಜೆ ಒಲೆಯೊಳಗೆ ‘ಟಪ್’ ಅಂತು. ಒಲೆ ಅಂದರೆ ದೊಡ್ಡದೇನಲ್ಲ. ಟೆರೇಸಿನ ಮೇಲೆ ನಾಲ್ಕು ಸಾಲು ಇಟ್ಟಿಗೆ, ನಡುವೆ ಒಂದು ಮಡಕೆ, ಸುತ್ತ ಇದ್ದಿಲು, ಬೆರಣಿ. ಸದ್ದು ಕೇಳಿದ ತಕ್ಷಣ ಏನೋ ಒಡೆಯಿತು ಅಂತ ಗೊತ್ತಾಗುತ್ತದೆ. ಯಾವುದು ಅನ್ನುವುದು ಮಾತ್ರ ಬೆಳಿಗ್ಗೆ ಬೂದಿ ಕೆದಕುವ ತನಕ ಗೊತ್ತಾಗುವುದಿಲ್ಲ. ‘ಪದಕ ಆಗಿರಲಿ ದೇವರೇ, ಜುಮುಕಿ ಮಾತ್ರ ಬೇಡ’ ಅಂದುಕೊಂಡೇ ಮಲಗಿದೆ. ಪದಕ ಒಂದು ಒಡೆದರೆ ಒಂದೇ ನಷ್ಟ. ಜುಮುಕಿ ಒಡೆದರೆ ಅದರ ಜೋಡಿಯೂ ಒಂಟಿಯಾಗಿ ಕೂರುತ್ತದೆ.

ನಮಸ್ಕಾರ. ಟೆರಾಕೋಟ ಒಡವೆ ಮಾಡುವುದರಲ್ಲಿ ನಿಮಗೆ ಯಾವುದು ಇಷ್ಟ, ಯಾವುದು ಕಷ್ಟ ಅಂತ ತುಂಬಾ ಜನ ಕೇಳುತ್ತಿರುತ್ತೀರಿ. ಇವತ್ತು ಆ ಆರನೇ ಜುಮುಕಿಯನ್ನು ಮತ್ತೆ ಮಾಡಬೇಕು. ಮಾಡುತ್ತಾ ಮಾಡುತ್ತಾ ಹೇಳುತ್ತೇನೆ.

ಮಣ್ಣು ಪಾಟರಿ ಟೌನಿನದು. ಬೆಂಗಳೂರಿನವರಿಗೆ ಗೊತ್ತಿರುತ್ತದೆ, ಗಣೇಶನ ಹಬ್ಬ ಬಂತೆಂದರೆ ಮೂರ್ತಿಗಳಿಂದ ತುಂಬಿಹೋಗುವ ಜಾಗ. ಅಲ್ಲಿ ಒಬ್ಬರು ಅಣ್ಣ ನನಗೆ ಐದೈದು ಕೆ.ಜಿ. ಕಟ್ಟಿಕೊಡುತ್ತಾರೆ. ‘ಇಷ್ಟು ಮಣ್ಣಲ್ಲಿ ನಾನು ಎರಡು ಕುಂಡ ಮಾಡ್ತೀನಿ, ನೀವು ವರ್ಷ ತಳ್ತೀರಲ್ಲಮ್ಮಾ’ ಅಂತ ನಗುತ್ತಾರೆ. ತಂದ ಮಣ್ಣನ್ನು ನೆನೆಹಾಕಿ, ಹಳೇ ಕಾಟನ್ ವೇಲಿನಲ್ಲಿ ಸೋಸುತ್ತೇನೆ. ಕುಂಡಕ್ಕೆ ಒಂದಿಷ್ಟು ಮರಳು ಇದ್ದರೆ ಒಳ್ಳೆಯದೇ. ನನಗೆ ಅದೇ ಶತ್ರು. 2 ಮಿಲಿಮೀಟರ್ ದಪ್ಪದ ಎಸಳಿನಲ್ಲಿ ಒಂದು ಕಲ್ಲು ಸಿಕ್ಕಿಕೊಂಡರೆ ಮುಗಿಯಿತು. ಆಮೇಲೆ ಹೋಳಿಗೆಯ ಕಣಕ ನಾದಿದ ಹಾಗೆ ನಾದಬೇಕು, ಗಾಳಿ ಗುಳ್ಳೆ ಒಂದೂ ಉಳಿಯದ ಹಾಗೆ. ಇದು ನನಗೆ ಇಷ್ಟವೂ ಅಲ್ಲ, ಕಷ್ಟವೂ ಅಲ್ಲ. ಹಾಡು ಹಾಕಿಕೊಂಡು ಸುಮ್ನೆ ಮಾಡುತ್ತೇನೆ, ಅಷ್ಟೇ.

ಚಪಾತಿಯ ಹಾಗೆ ಲಟ್ಟಿಸಿ, ಬಾಟಲಿ ಮುಚ್ಚಳದಿಂದ ಬಿಲ್ಲೆ ಕತ್ತರಿಸಿ, ದೊಡ್ಡ ಗೋಲಿಗೆ ಪೌಡರ್ ಸವರಿ ಅದರ ಮೇಲೆ ಕೂರಿಸಿದರೆ ಜುಮುಕಿಯ ಬಟ್ಟಲು ಆಯಿತು. ನೆತ್ತಿಗೆ ಒಂದು ತಂತಿಯ ಕೊಂಡಿ. ತಾಮ್ರದ್ದು ಹಾಕಿದರೆ ಬೆಂಕಿಯಲ್ಲಿ ಕಪ್ಪಾಗಿ ಪುಡಿ ಉದುರುತ್ತದೆ. ಅದಕ್ಕೇ ನೈಕ್ರೋಮ್ ತಂತಿ. ಹಳೇ ಕಾಯಿಲ್ ಸ್ಟೌವಿನಲ್ಲಿ ಕೆಂಪಗೆ ಕಾಯುವ ಸುರುಳಿ ಇರುತ್ತಿತ್ತಲ್ಲ, ಅದೇ. ಅಮ್ಮನ ಮನೆಯ ಅಟ್ಟದಿಂದ ಇಳಿಸಿ ಬಿಚ್ಚಿ ತಂದ ಸುರುಳಿ ಇನ್ನೂ ಮುಗಿದಿಲ್ಲ.

ಇಲ್ಲಿಂದ ಕೈ ಕಟ್ಟಿಕೊಂಡು ಕಾಯಬೇಕು. ಹದ ಬರುವ ತನಕ.

ಬಂತು ನೋಡಿ. ಒದ್ದೆಯೂ ಅಲ್ಲ, ಒಣಗಿಯೂ ಇಲ್ಲ. ಕೆನ್ನೆಗೆ ಮುಟ್ಟಿಸಿದರೆ ತಣ್ಣಗಿದೆ, ಒತ್ತಿದರೆ ತಗ್ಗುವುದಿಲ್ಲ. ಸೂಜಿಯಿಂದ ಗೆರೆ ಎಳೆದರೆ ಮಣ್ಣು ಅಂಟಿಕೊಳ್ಳದೆ ಸಣ್ಣ ಸುರುಳಿಯಾಗಿ ಮೇಲೇಳುತ್ತಿದೆ, ಪೆನ್ಸಿಲ್ ಹೆರೆದಾಗ ಬರುತ್ತಲ್ಲ ಹಾಗೆ. ಬೇಸಿಗೆಯಲ್ಲಿ ಈ ಹದ ಅರ್ಧ ಗಂಟೆ ಇದ್ದರೆ ಹೆಚ್ಚು. ಅಷ್ಟರಲ್ಲಿ ಕೆತ್ತನೆ ಎಲ್ಲ ಮುಗಿಯಬೇಕು. ಯಾರ ಫೋನ್ ಬಂದರೂ ಎತ್ತುವುದಿಲ್ಲ. ಸೂಜಿ, ಹೇರ್‌ಪಿನ್, ಖಾಲಿ ರಿಫಿಲ್ಲು, ಇಷ್ಟೇ ನನ್ನ ಉಳಿ ಸುತ್ತಿಗೆ. ರಿಫಿಲ್ಲಿನ ಬಾಯಿ ನೇರ ಒತ್ತಿದರೆ ಪುಟ್ಟ ಸುತ್ತು, ಓರೆ ಒತ್ತಿದರೆ ಮೀನಿನ ಹುರುಪೆ. ಇಡೀ ಕೆಲಸದಲ್ಲಿ ನನಗೆ ಇದಕ್ಕಿಂತ ಇಷ್ಟದ ಹೊತ್ತು ಇನ್ನೊಂದಿಲ್ಲ. ಬಣ್ಣ ಹಚ್ಚುವುದಲ್ಲ, ಹಾಕಿಕೊಂಡು ಕನ್ನಡಿ ನೋಡುವುದೂ ಅಲ್ಲ. ಈ ಅರ್ಧ ಗಂಟೆ.

ಡಿಸೈನ್ ಎಲ್ಲಿಂದ ತರುತ್ತೀರಿ ಅಂತಲೂ ಕೇಳುತ್ತೀರಿ. ಸ್ವಲ್ಪ ಅಜ್ಜಿಯ ಬುಗುಡಿಯಿಂದ, ಜಾಸ್ತಿ ಬೇಲೂರಿನಿಂದ. ಮದನಿಕೆಯರ ಮುಂದೆ ನಿಂತು ಎಲ್ಲರೂ ಭಂಗಿ ನೋಡುತ್ತಾರೆ, ನಾನು ಕಿವಿ ನೋಡುತ್ತೇನೆ. ಕತ್ತು ನೋಯುವ ತನಕ, ಫೋನಿನಲ್ಲಿ ಝೂಮ್ ಹಾಕಿ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಕಲ್ಲಿನ ಹಾರದಲ್ಲಿ ಮಣಿ ಒಂದೊಂದೂ ಬಿಡಿಬಿಡಿಯಾಗಿ ಕಾಣುತ್ತದೆ. ಅಷ್ಟು ನಾಜೂಕು ಬಂದದ್ದು ಬಳಪದ ಕಲ್ಲಿನಿಂದ. ಮೆತ್ತನೆ ಕಲ್ಲು, ಉಳಿಗೆ ಸಲೀಸು. ನೆಲದಿಂದ ತೆಗೆದ ಹೊಸತರಲ್ಲಿ ಇನ್ನೂ ಮೆತ್ತಗಿದ್ದು, ಗಾಳಿಗೆ ಬರಬರುತ್ತಾ ಗಟ್ಟಿಯಾಗುತ್ತದೆ ಅನ್ನುತ್ತಾರೆ. ಅಂದರೆ ಆ ಶಿಲ್ಪಿಗಳೂ ಹದ ನೋಡಿಕೊಂಡೇ ಕೂತವರು. ಹಾಗಂತ ಅಂದುಕೊಂಡರೆ ನನಗೊಂದು ಖುಷಿ.

ಈಗ ಕಷ್ಟದ ಮಾತು. ಒಡೆಯುವುದೇ ಕಷ್ಟ ಅಂತ ನೀವು ಅಂದುಕೊಂಡಿರುತ್ತೀರಿ, ಅಲ್ವಾ? ಅಲ್ಲ. ಒಡೆದದ್ದಕ್ಕೆ ಒಂದು ಕಾರಣ ಇರುತ್ತದೆ. ಒಳಗೆ ತೇವ ಉಳಿದಿದ್ದರೆ 100 ಡಿಗ್ರಿಯಲ್ಲಿ ಆವಿಯಾಗಿ ಹೊರಗೆ ಬರಲು ದಾರಿ ಹುಡುಕುತ್ತದೆ, ಸಿಗದಿದ್ದರೆ ಮಾಡಿಕೊಳ್ಳುತ್ತದೆ. ಅದನ್ನು ದಾಟಿದರೂ 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಬೆಣಚು ಹರಳು ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಅಲ್ಲಿ ಅವಸರ ಮಾಡಿದರೆ ಬಿರುಕು. ಮೊನ್ನೆಯ ತಪ್ಪು ಪೂರ್ತಿ ನನ್ನದೇ. ಗೌರಿ ಹಬ್ಬಕ್ಕೆ ಕೊಡಬೇಕು, ಹೊರಗೆ ಜಿಟಿಜಿಟಿ ಮಳೆ, ಎಂಟು ದಿನ ನೆರಳಲ್ಲಿ ಒಣಗಬೇಕಾದದ್ದನ್ನು ನಾಲ್ಕೇ ದಿನಕ್ಕೆ ಬೆಂಕಿಗೆ ಇಟ್ಟೆ. ಒಡವೆ ಹಬ್ಬಗಳೆಲ್ಲ ಮಳೆಗಾಲದಲ್ಲೇ ಬರುವುದು ನೋಡಿ, ಮಣ್ಣು ಒಣಗದ ಕಾಲದಲ್ಲಿ!

ನನಗೆ ಬೇಡವೇ ಬೇಡ ಅನಿಸುವುದು ಎರಡನೇ ಓಲೆ.

ಮೊದಲನೆಯದು ಮಾಡುವಾಗ ಕೈ ಎತ್ತ ಹೋದರೂ ಸರಿ. ಗೆರೆ ಬಾಗಿತಾ? ಇರಲಿ, ಅದನ್ನೇ ಬಳ್ಳಿ ಮಾಡೋಣ. ಎರಡನೆಯದಕ್ಕೆ ಬಂದಾಗ ಆ ಗೆರೆಯನ್ನು ಬೇಕಂತಲೇ ಅಷ್ಟೇ ಬಾಗಿಸಬೇಕು. ಅದೂ ಎಡಬಲ ತಿರುಗಿಸಿ. ನನ್ನ ತಪ್ಪನ್ನು ನಾನೇ ಕಾಪಿ ಹೊಡೆಯುವ ಕೆಲಸ! ಶಾಲೆಯಲ್ಲಿ ಇಂಪೊಸಿಷನ್ ಬರೆದವರಿಗೆ ಈ ಸಂಕಟ ಗೊತ್ತು.

ಇವತ್ತಿನದಂತೂ ಇನ್ನೂ ಕಷ್ಟ. ಇದರ ಜೋಡಿ ಆಗಲೇ ಸುಟ್ಟಾಗಿದೆ. ಸುಟ್ಟ ಮಣ್ಣು ಕುಗ್ಗಿರುತ್ತದೆ. ಈ ಪಟ್ಟಿ ನೋಡಿ, ಹಸಿ ಮಣ್ಣಿನಲ್ಲಿ ಸರಿಯಾಗಿ 100 ಮಿಲಿಮೀಟರ್ ಗೆರೆ ಎಳೆದು ಸುಟ್ಟಿದ್ದೆ. ಈಗ ಅಳೆದರೆ 92. ನನ್ನ ಮಣ್ಣಿನ ಲೆಕ್ಕ ಇದು. ಉಳಿದ ಜುಮುಕಿಯ ಬಾಯಿ 23 ಮಿಲಿಮೀಟರ್ ಇದೆ, ಹಾಗಾಗಿ ಇದನ್ನು 25ಕ್ಕೆ ಮಾಡಬೇಕು. ಅಂಚಿನ ಮಣಿ ಕೂಡ ಅದೇ ಲೆಕ್ಕದಲ್ಲಿ. ಸಾಸಿವೆಗಿಂತ ಚೂರು ದೊಡ್ಡ ಉಂಡೆ, ಸುತ್ತಲೂ 26. ಒಂದೊಂದನ್ನೂ ಮಣ್ಣಿನ ಗಂಜಿ ಹಚ್ಚಿ ಕೂರಿಸುತ್ತಾ ಹೋಗಬೇಕು. ಹದಿನೆಂಟಕ್ಕೆ ಬಂದಾಗ ಜಾಗ ಉಳಿದದ್ದು ಏಳಕ್ಕೋ ಎಂಟಕ್ಕೋ ಅಂತ ಅನುಮಾನ ಬರುತ್ತದೆ. ಇಲ್ಲಿ ನೋಡಿ, ಏಳಕ್ಕೇ ಇತ್ತು. ನಾಲ್ಕು ಕಿತ್ತು ಮತ್ತೆ ಕೂರಿಸಿದೆ. ವಿಡಿಯೋದಲ್ಲಿ ಆ ಭಾಗ ವೇಗವಾಗಿ ಓಡಿಸಿದ್ದೇನೆ, ಬೈಗುಳ ಕೇಳಿಸಬಾರದು ಅಂತ.

ಇಷ್ಟೆಲ್ಲ ಆದರೂ ಬಣ್ಣ ನನ್ನ ಕೈಯಲ್ಲಿಲ್ಲ. ಗಾಳಿ ಚೆನ್ನಾಗಿ ಆಡಿದರೆ ಮಣ್ಣಿನಲ್ಲಿರುವ ಕಬ್ಬಿಣದ ಅಂಶ ಕೆಂಪಾಗುತ್ತದೆ. ಭತ್ತದ ಹೊಟ್ಟು ತುಂಬಿ ಬಾಯಿ ಮುಚ್ಚಿ ಸುಟ್ಟರೆ ಹೊಗೆ ಕುಡಿದು ಕಪ್ಪಾಗುತ್ತದೆ. ಒಂದೇ ಮಡಕೆಯಲ್ಲಿ ಮೂಲೆಗೆ ಬಿದ್ದದ್ದು ಒಂದು ಛಾಯೆ, ನಡುವೆ ಇದ್ದದ್ದು ಇನ್ನೊಂದು. ಅಕ್ರಿಲಿಕ್ ಬಣ್ಣ ಬಳಿದರೆ ಎಲ್ಲ ಮುಚ್ಚಿಹೋಗುತ್ತದೆ, ನಿಜ. ನನಗೆ ಮಣ್ಣಿನ ಬಣ್ಣವೇ ಕಾಣಬೇಕು ಅನ್ನುವ ಹಟ. ಅನುಭವಿಸುತ್ತೇನೆ.

ಮಿಕ್ಕ ರಗಳೆಗಳು ಚಿಕ್ಕವು. ಒಮ್ಮೆ ಅಗ್ಗಕ್ಕೆ ಸಿಕ್ಕಿತು ಅಂತ ಒಂದು ಅಂಗಡಿಯಿಂದ ಕೊಕ್ಕೆ ತಂದೆ. ಹಾಕಿಕೊಂಡವರಿಗೆ ಕಿವಿ ಕೆಂಪಾಗಿ ತುರಿಕೆ. ನಿಕ್ಕಲ್ ಕೆಲವರಿಗೆ ಆಗಿಬರುವುದಿಲ್ಲ. ಅವತ್ತಿನಿಂದ ಸ್ಟೀಲು, ಇಲ್ಲವೇ 925 ಬೆಳ್ಳಿ ಮಾತ್ರ. ಇನ್ನು ಬೆಲೆ. ‘ಮಣ್ಣಿಂದು ತಾನೇ, ಇಷ್ಟೊಂದಾ?’ ಈ ಪ್ರಶ್ನೆಗೆ ಮೊದಲೆಲ್ಲ ಗಂಟೆಗಳ ಲೆಕ್ಕ ಹೇಳುತ್ತಿದ್ದೆ. ಈಗ ನಕ್ಕು ಸುಮ್ಮನಾಗುತ್ತೇನೆ. ‘ಎಷ್ಟು ವರ್ಷ ಬಾಳಿಕೆ ಬರುತ್ತೆ?’ ಅನ್ನುವವರಿಗೆ ಮಾತ್ರ ಉತ್ತರ ಇದೆ. ಹರಪ್ಪದಲ್ಲಿ 4,000 ವರ್ಷಕ್ಕಿಂತ ಹಳೆಯ ಮಣ್ಣಿನ ಬಳೆ ಸಿಕ್ಕಿವೆ. ಆದರೆ ಮೊಸಾಯಿಕ್ ನೆಲದ ಮೇಲೆ ಬೀಳಿಸಬೇಡಿ.

ಆಯಿತು. ಎರಡನ್ನೂ ಪಕ್ಕದಲ್ಲಿ ಇಟ್ಟಿದ್ದೇನೆ. ಸುಟ್ಟದ್ದು ಕೆಂಪಗೆ, ಚಿಕ್ಕದಾಗಿ. ಹಸಿಯದು ಬೂದು ಬಣ್ಣಕ್ಕೆ, ಊದಿಕೊಂಡ ಹಾಗೆ. ಜೋಡಿ ಅಂದರೆ ಈಗ ಯಾರೂ ನಂಬುವುದಿಲ್ಲ. ಪೇಪರಿನಲ್ಲಿ ಸಡಿಲವಾಗಿ ಸುತ್ತಿ, ಡಬ್ಬದ ಮೇಲೆ ತಾರೀಖು ಬರೆದಿದ್ದೇನೆ. ಈ ಸಲ ಪೂರ್ತಿ ಎಂಟು ದಿನ. ಆರ್ಡರ್ ಕೊಟ್ಟವರಿಗೆ ಫೋನ್ ಮಾಡಿ ಹಬ್ಬದ ಹಿಂದಿನ ದಿನ ಕೊಡುತ್ತೇನೆ ಅಂದೆ. ‘ಪರವಾಗಿಲ್ಲ ಕಣ್ರೀ, ಎರಡೂ ಒಂದೇ ಥರ ಇರಲಿ’ ಅಂದರು.

ಕೆಳಗಿನ ಮನೆ ಓನರ್ ಆಂಟಿ ಒಂದೇ ಷರತ್ತು ಹಾಕಿದ್ದಾರೆ. ‘ಬೆಂಕಿ ಹಾಕೋ ದಿನ ಮೊದಲೇ ಹೇಳಮ್ಮಾ, ನಾನು ಬಟ್ಟೆ ಒಣಹಾಕಲ್ಲ.’ ಮುಂದಿನ ಮಂಗಳವಾರ ಅಂದಿದ್ದೇನೆ.