ಸಂಜೆಯೊಳಗೆ ಇಳಿಸಬೇಕಾದ ಚಿತ್ರಗಳು

ನಮಸ್ಕಾರ. ಫೋಟೋಗಳ ಬಗ್ಗೆ ಬಾನುಲಿಯಲ್ಲಿ ಮಾತಾಡುತ್ತೇನೆಂದು ಒಪ್ಪಿಕೊಂಡದ್ದು ನನ್ನದೇ ಭಂಡಧೈರ್ಯ. ನಿಮಗೆ ತೋರಿಸಲು ನನ್ನ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಮೊದಲು ಒಂದು ಮನೆಯನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳೋಣ.

ಊರು ಬೀಜಿಂಗ್. ತಂದೆ ಸೈನ್ಯದ ಅಧಿಕಾರಿ, ತಾಯಿ ಸರ್ಕಾರಿ ನೌಕರಿಯವರು. ಹಳೆಯ ಕಟ್ಟುಪಾಡಿನ ಸಂಸಾರ. ಅಮೆರಿಕಕ್ಕೆ ಓದಲು ಹೋದ ಮಗ ಮನೆಗೆ ಬಂದಿದ್ದಾನೆ. ಅಪ್ಪ ಅಮ್ಮ ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡಿತೋ, ಇವನ ಕೆಲಸ ಶುರು. ಮುದ್ರಿಸಿಟ್ಟುಕೊಂಡ ಚಿತ್ರಗಳನ್ನು ಹೊರಗೆ ತೆಗೆಯುತ್ತಾನೆ. ಗೋಡೆಗೆ ಒಂದಿಷ್ಟು, ಬೀರುವಿಗೆ ಒಂದಿಷ್ಟು, ಪರದೆಗೆ, ಮಂಚದ ಮೇಲೆ, ನೆಲದ ಮೇಲೆ. ಮನೆ ತುಂಬಿದ ಮೇಲೆ ಕ್ಯಾಮೆರಾ ನಿಲ್ಲಿಸಿ ಆ ಕೋಣೆಯ ಫೋಟೋ ತೆಗೆಯುತ್ತಾನೆ. ಆಮೇಲೆ ಅಷ್ಟನ್ನೂ ಒಂದೊಂದಾಗಿ ಇಳಿಸಿ ಬಚ್ಚಿಟ್ಟು, ಮನೆಯನ್ನು ಮೊದಲಿದ್ದ ಹಾಗೇ ಮಾಡಿಡುತ್ತಾನೆ. ಹೋದವರು ವಾಪಸು ಬರುತ್ತಾರೆ. ಅವರ ಕಣ್ಣಿಗೆ ಏನೂ ನಡೆದಿಲ್ಲ.

ಆ ಮಗನ ಹೆಸರು ಗ್ವಾನ್‌ಯು ಶು. ಚೀನೀ ಪದ್ಧತಿಯಲ್ಲಿ ಮನೆತನದ ಹೆಸರು ಮೊದಲು ಬರುವುದರಿಂದ ಶು ಗ್ವಾನ್‌ಯು. ಹುಟ್ಟಿದ್ದು 1993ರಲ್ಲಿ, ಬೀಜಿಂಗಿನಲ್ಲೇ. 2014ರಲ್ಲಿ ಅಮೆರಿಕಕ್ಕೆ ಹೋಗಿ ಷಿಕಾಗೋದಲ್ಲಿ ಕಲೆ ಓದಿದರು. ನಾನು ಹೇಳಿದ ಕಳ್ಳಗೆಲಸ ನಡೆದದ್ದು 2018 ಮತ್ತು 2019ರಲ್ಲಿ. ಸರಣಿಯ ಹೆಸರನ್ನು ಕನ್ನಡಕ್ಕೆ ತಂದರೆ ‘ತಾತ್ಕಾಲಿಕವಾಗಿ ಸೆನ್ಸಾರ್ ಆದ ಮನೆ’ ಎಂದಾಗುತ್ತದೆ.

ಇಷ್ಟು ಗುಟ್ಟು ಯಾಕೆ? ಶು ಸಲಿಂಗಿ. ಹೊರಗಿನ ಲೋಕಕ್ಕೆ ಅದನ್ನು ಹೇಳಿಕೊಂಡವರು, ತಾವು ಬೆಳೆದ ಮನೆಯೊಳಗೆ ಹೇಳಿರಲಿಲ್ಲ. ಚೀನಾದಲ್ಲಿ 1997ರಲ್ಲಿ ಅಪರಾಧ ಸಂಹಿತೆ ಬದಲಾದಾಗ ಸಲಿಂಗ ಸಂಬಂಧ ಅಪರಾಧಗಳ ಸಾಲಿನಿಂದ ಹೊರಬಿತ್ತು. 2001ರಲ್ಲಿ ಮಾನಸಿಕ ಕಾಯಿಲೆಗಳ ಅಧಿಕೃತ ಪಟ್ಟಿಯಿಂದಲೂ ಬಿತ್ತು. ಮೊದಲನೆಯದು ಆದಾಗ ಶು ನಾಲ್ಕು ವರ್ಷದ ಮಗು, ಎರಡನೆಯದರ ಹೊತ್ತಿಗೆ ಎಂಟು. ಅಂದರೆ ಆ ಹುಡುಗನಿಗೆ ಮೀಸೆ ಮೂಡುವ ಕಾಲಕ್ಕೆ ಕಾನೂನಿನ ತಕರಾರು ಮುಗಿದಿತ್ತು. ಊಟದ ಮೇಜಿನ ಮೇಲೆ ಮಾತ್ರ ಆ ಮಾತು ಏಳುವ ಹಾಗಿರಲಿಲ್ಲ.

ಆ ಚಿತ್ರಗಳಲ್ಲಿ ಏನೇನಿದೆ ಎಂದು ಕೇಳುತ್ತೀರಿ. ಅಮೆರಿಕದ ಮನೆಗಳೊಳಗೆ ಶು ಬೇರೆ ಗಂಡಸರ ಜೊತೆ ಇರುವ ಚಿತ್ರಗಳಿವೆ. ಹೋದ ಊರುಗಳ ನೋಟಗಳಿವೆ. ಮನೆಯದೇ ಆಲ್ಬಮ್ಮಿನ ಹಳೆಯ ಫೋಟೋಗಳಿವೆ. ಇವೆಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಇನ್ನೊಂದು: ಹದಿಹರೆಯದಲ್ಲಿ ಸಿನಿಮಾ ಪತ್ರಿಕೆ, ಫ್ಯಾಷನ್ ಪತ್ರಿಕೆಗಳಿಂದ ಹರಿದಿಟ್ಟುಕೊಂಡ ಹಾಳೆಗಳು. ಆ ವಯಸ್ಸಿನ ಹುಡುಗರು ಇಂಥ ಹಾಳೆಗಳನ್ನು ಹರಿಯುವುದೇ ಗೋಡೆಗೆ ಅಂಟಿಸುವುದಕ್ಕೆ. ಈ ಹಾಳೆಗಳಿಗೆ ಆ ಯೋಗ ಬರಲು ಇಷ್ಟು ವರ್ಷ ಹಿಡಿಯಿತು. ಅದೂ ಕೆಲವು ಗಂಟೆಗಳ ಮಟ್ಟಿಗೆ.

ಈಗ ಅಪ್ಪ ಅಮ್ಮನ ಮಲಗುವ ಕೋಣೆಗೆ ಬನ್ನಿ. ಚಿತ್ರವನ್ನು ಮೊದಲ ಸಲ ನೋಡಿದಾಗ ಕಣ್ಣು ದಾರಿ ತಪ್ಪುತ್ತದೆ. ಕಿಟಕಿ ಅಂದುಕೊಂಡದ್ದು ಫೋಟೋ ಆಗಿರುತ್ತದೆ. ಫೋಟೋ ಅಂದುಕೊಂಡದ್ದು ನಿಜವಾದ ಬಾಗಿಲು. ಒಂದು ಕೋಣೆಯೊಳಗೆ ಇನ್ನೊಂದು ಕೋಣೆಯ ಚಿತ್ರ, ಅದರ ಅಂಚಿಗೆ ಎಲ್ಲಿಯದೋ ಬಯಲು, ಅದರ ಪಕ್ಕಕ್ಕೆ ಒಂದು ಮೈ. ಒಂದು ಆಳೆತ್ತರ, ಇನ್ನೊಂದು ಅಂಗೈಯಷ್ಟು. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಾ ಕೂತರೆ ಹೊದಿಕೆಯ ಬಣ್ಣ, ಪರದೆಯ ನೆರಿಗೆ, ಗೋಡೆಯ ಮೂಲೆ ಮೆಲ್ಲಗೆ ಕಾಣತೊಡಗುತ್ತವೆ. ಅಷ್ಟೆಲ್ಲದರ ಅಡಿಯಲ್ಲಿ ಒಂದು ಸಾಧಾರಣ ಸಂಸಾರದ ಮನೆಯಿದೆ ಎಂಬುದು ಆಮೇಲೆ ಹೊಳೆಯುತ್ತದೆ. ನನಗಂತೂ ಆಗ ಸ್ವಲ್ಪ ಹೆದರಿಕೆಯಾಯಿತು. ಯಾರಾದರೂ ಬಂದುಬಿಟ್ಟರೆ ಎಂದು, ಬಾಗಿಲ ಕಡೆ ಕಿವಿಯಿಟ್ಟವಳು ನಾನೇ ಎಂಬ ಹಾಗೆ.

ಹೀಗೆ ಕಟ್ಟಿ ತೆಗೆದ ಚಿತ್ರಗಳ ಮೇಲೆ ಒಂದು ಹಳೆಯ ಆಕ್ಷೇಪಣೆ ಇದೆ. ನೆನಪು ಎಂದರೆ ನಡೆದದ್ದು. ನಡೆದದ್ದನ್ನು ಬಿಟ್ಟು ನಾಟಕ ಹೂಡಿ ಫೋಟೋ ತೆಗೆದರೆ ಅದು ನೆನಪು ಹೇಗಾದೀತು? ಚೀನಾದ ಫೋಟೋ ಆಲ್ಬಮ್ಮುಗಳ ಕಥೆ ಸ್ವಲ್ಪ ತಿಳಿದವರು ಈ ಪ್ರಶ್ನೆಗೆ ನಕ್ಕುಬಿಡುತ್ತಾರೆ. ಮಾವೋ ಕಾಲದಲ್ಲಿ ಎಷ್ಟೋ ಊರುಗಳ ಸ್ಟುಡಿಯೋಗಳಲ್ಲಿ ಟಿಯಾನನ್‌ಮೆನ್ ಚೌಕದ ದ್ವಾರ ಬಿಡಿಸಿದ ಪರದೆ ಇರುತ್ತಿತ್ತು. ಬೀಜಿಂಗನ್ನು ಕಣ್ಣಾರೆ ಕಾಣದವರೂ ಅದರ ಮುಂದೆ ನಿಂತು, ಮಾವೋ ಅವರ ಮಾತುಗಳ ಪುಟ್ಟ ಕೆಂಪು ಪುಸ್ತಕವನ್ನು ಎದೆಗೆ ಹಿಡಿದು ಪೋಸ್ ಕೊಡುತ್ತಿದ್ದರು. ಕಪ್ಪುಬಿಳುಪು ಚಿತ್ರದ ಕೆನ್ನೆಗೆ ಕೈಯಿಂದ ಬಣ್ಣ ಹಚ್ಚುತ್ತಿದ್ದರು. ಅದೇ 1966ರಿಂದ 1976ರ ನಡುವೆ, ಹಳೆಯದನ್ನೆಲ್ಲ ಅಳಿಸಲು ಹೊರಟ ಸಾಂಸ್ಕೃತಿಕ ಕ್ರಾಂತಿಯಲ್ಲಿ, ಹಳೆಯ ಫೋಟೋ ಸಿಕ್ಕಿದರೆ ಆಪತ್ತು ಎಂದು ಮನೆಮಂದಿಯೇ ಆಲ್ಬಮ್ ಸುಟ್ಟದ್ದುಂಟು, ಗುಂಪಿನಲ್ಲಿದ್ದವರ ಮುಖ ಕೆರೆದದ್ದುಂಟು. ನಾಟಕದ್ದು ಉಳಿಯಿತು, ನಡೆದದ್ದು ಬೂದಿಯಾಯಿತು.

ಆಮೇಲಿನ ಕಾಲವೂ ಪೋಸಿನದೇ. ತೋಮಾ ಸೋವಾಂ ಎಂಬ ಫ್ರೆಂಚ್ ಸಂಗ್ರಾಹಕರು 2009ರಿಂದ ಬೀಜಿಂಗಿನ ಹೊರವಲಯದ ಗುಜರಿಯೊಂದರಿಂದ ಹಳೆಯ ನೆಗೆಟಿವ್‌ಗಳನ್ನು ಕಿಲೋ ಲೆಕ್ಕದಲ್ಲಿ ಕೊಂಡರು. ಫಿಲ್ಮಿನಲ್ಲಿರುವ ಬೆಳ್ಳಿಯನ್ನು ತೆಗೆಯಲು ಹೊರಟಿದ್ದ ಸರಕು ಅದು. ಹೀಗೆ ಉಳಿದದ್ದು ಐದು ಲಕ್ಷಕ್ಕೂ ಹೆಚ್ಚು ಚಿತ್ರ, ಸುಮಾರು 1985ರಿಂದ 2005ರವರೆಗಿನವು. ಹೊಸದಾಗಿ ಮನೆಗೆ ಬಂದ ಫ್ರಿಜ್ಜಿನ ಪಕ್ಕ, ಟಿವಿಯ ಪಕ್ಕ ಜನ ಎಷ್ಟು ಗಂಭೀರವಾಗಿ ನಿಂತಿದ್ದಾರೆಂದರೆ, ಹೊಸ ಸೊಸೆಯ ಪಕ್ಕವೂ ಹಾಗೆ ನಿಲ್ಲುವುದಿಲ್ಲ.

ಶು ಅವರಿಗಿಂತ ಒಂದು ತಲೆಮಾರು ಹಿರಿಯರಾದ ಹಾಯ್ ಬೋ ಅವರ ಕೆಲಸವನ್ನು ಇಲ್ಲಿ ನೆನೆಯದೆ ಇರಲಾರೆ. 1962ರಲ್ಲಿ ಚಾಂಗ್‌ಚುನ್ ಊರಿನಲ್ಲಿ ಹುಟ್ಟಿದವರು. ಹಳೆಯ ಗುಂಪು ಫೋಟೋಗಳಲ್ಲಿದ್ದವರನ್ನು ಹುಡುಕಿ ಕರೆತಂದು, ಅದೇ ಸಾಲಿನಲ್ಲಿ, ಅದೇ ಭಂಗಿಯಲ್ಲಿ ಕೂರಿಸಿ 1990ರ ದಶಕದ ಕೊನೆಗೆ ಮತ್ತೆ ಫೋಟೋ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರು. ತೀರಿಹೋದವರ ಜಾಗಕ್ಕೆ ಯಾರನ್ನೂ ಸರಿಸಲಿಲ್ಲ, ಹಾಗೇ ಬಿಟ್ಟರು. ಅದೂ ಕಟ್ಟಿದ ಚಿತ್ರವೇ. ಖಾಲಿ ಬಿಟ್ಟ ಆ ಒಂದು ಆಳಿನ ಜಾಗವನ್ನು ಸುಳ್ಳು ಎನ್ನಲು ಯಾರಿಗೆ ಬಾಯಿ ಬಂದೀತು?

ನಮ್ಮ ಮನೆಯ ಆಲ್ಬಮ್ಮಿನಲ್ಲೂ ಒಂದು ಮದುವೆ ಫೋಟೋ ಇದೆ, ಒಂದು ಬದಿ ಕತ್ತರಿಯಿಂದ ಕತ್ತರಿಸಿದ್ದು. ಉಳಿದವರ ಭುಜದ ಮೇಲೆ ಯಾರದೋ ನಾಲ್ಕು ಬೆರಳು ಮಾತ್ರ ಇವೆ. ಕೇಳಿದಾಗ ನಮ್ಮಜ್ಜಿ, ‘ಅಲ್ಲಿ ಯಾರೂ ಇರಲಿಲ್ಲ, ಸುಮ್ನಿರು’ ಅಂದಿದ್ದರು. ಇರಲಿ, ಅದು ಬೇರೆ ಕಥೆ.

ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವರ ಚಿತ್ರಗಳನ್ನು ನೋಡಿದವರಿಗೆ ಕಟ್ಟಿ ತೆಗೆಯುವ ಈ ಬಗೆ ಹೊಸದಲ್ಲ. ಕ್ಯಾಲೆಂಡರಿನ ದೇವಿಯಾಗಿ, ಸಿನಿಮಾದ ನಾಯಕಿಯಾಗಿ ಅವರು ತಾವೇ ವೇಷ ಕಟ್ಟಿ ನಿಲ್ಲುತ್ತಾರೆ, ಎಲ್ಲರ ತಲೆಯಲ್ಲೂ ಮೊದಲೇ ಇರುವ ಚಿತ್ರಗಳನ್ನು ಕೆಣಕುತ್ತಾರೆ. ಶು ವೇಷ ಕಟ್ಟಿಸುವುದು ಮನೆಗೆ. ಅವರು ಕಟ್ಟುವ ನೆನಪು ಆ ಮನೆಯಲ್ಲಿ ಎಂದೂ ನಡೆಯದೆ ಹೋದದ್ದು. ನಡೆಯಲು ಬಿಟ್ಟಿದ್ದರೆ ಈ ಗೋಡೆ ಹೀಗಿರುತ್ತಿತ್ತು ಎಂಬ ನೆನಪು. ಅಂಥದ್ದನ್ನು ಕಟ್ಟಿಯೇ ತೆಗೆಯಬೇಕು, ಬೇರೆ ದಾರಿ ಇಲ್ಲ.

ಸರಣಿಯ ಹೆಸರಿನಲ್ಲಿರುವ ‘ತಾತ್ಕಾಲಿಕ’ ಎಂಬ ಪದವನ್ನು ನಾನು ತುಂಬಾ ದಿನ ಅಗಿದಿದ್ದೇನೆ. ಮನೆ ಸೆನ್ಸಾರ್ ಆದದ್ದು ಯಾವಾಗ? ಮಗನ ಚಿತ್ರಗಳು ಅಪ್ಪ ಅಮ್ಮನ ಗೋಡೆಯನ್ನು ಮುಚ್ಚಿದಾಗಲೋ, ಅವನ್ನು ಇಳಿಸಿ ಒಳಗಿಟ್ಟಾಗಲೋ? ಎರಡನೆಯದೇ ಎಂದಾದರೆ ಅಲ್ಲಿ ಕತ್ತರಿ ಹಿಡಿದ ಅಧಿಕಾರಿ ಯಾರೂ ಇಲ್ಲ. ಇಳಿಸಿದ್ದು ಶು ತಾವೇ, ತಮ್ಮ ಕೈಯಾರೆ, ಒಂದು ಗುರುತೂ ಉಳಿಯದ ಹಾಗೆ. ಅಷ್ಟು ಅಚ್ಚುಕಟ್ಟಾಗಿ ಅಳಿಸುವುದನ್ನು ಆ ಹುಡುಗ ಒಂದು ದಿನದಲ್ಲಿ ಕಲಿತದ್ದಂತೂ ಇರಲಾರದು.

ಆಮೇಲೆ 2019ರಿಂದ ಶು ಬೇರೆಯವರ ಮನೆಗಳಿಗೆ ಹೋದರು. ಅಮೆರಿಕದಲ್ಲಿ ಬಗೆಬಗೆಯ ವೀಸಾದ ಮೇಲೆ ಇರುವ ವಲಸಿಗರ ಮನೆಗಳು. ಆ ದೇಶದ ಕಾನೂನು ಇಂಥವರಲ್ಲಿ ಕೆಲವರನ್ನು ‘ನಿವಾಸಿ ಪರದೇಶಿ’ ಎಂದು ಕರೆಯುತ್ತದೆ. ಸರಣಿಗೂ ಅದೇ ಹೆಸರು. ಕನ್ನಡದಲ್ಲಿ ಪರದೇಶಿ ಅಂದರೆ ದಿಕ್ಕಿಲ್ಲದವನು ಎಂಬ ಅರ್ಥವೂ ಇದೆ, ನೋಡಿ. ಶು ಆ ವಲಸಿಗರ ಮನೆಯ ಫೋಟೋ ತೆಗೆದು, ಅವರ ಹತ್ತಿರ ಇರುವ ಹಳೆಯ ಫೋಟೋಗಳನ್ನು ಕೇಳಿ ಪಡೆದು, ಎಲ್ಲವನ್ನೂ ಮುದ್ರಿಸಿ ತಂದು ಅದೇ ಕೋಣೆಯಲ್ಲಿ ತೂಗುಹಾಕಿ ಮತ್ತೆ ಕ್ಯಾಮೆರಾ ಹಿಡಿಯುತ್ತಾರೆ. ಬಿಟ್ಟುಬಂದ ಊರು ಬಾಡಿಗೆ ಮನೆಯ ಸೋಫಾದ ಮೇಲೆ ಬಂದು ಕೂರುತ್ತದೆ. ಇಲ್ಲಿ ಯಾರಿಗೂ ಹೆದರಬೇಕಾಗಿಲ್ಲ, ಮನೆಯವರೇ ಬಾಗಿಲು ತೆರೆದು ಒಳಗೆ ಕರೆದಿದ್ದಾರೆ.

ಆದರೂ ಕೆಲಸ ಮುಗಿದ ಮೇಲೆ ಚಿತ್ರಗಳನ್ನು ಇಳಿಸಲೇಬೇಕು. ರಾತ್ರಿ ಅವರು ಅದೇ ಮಂಚದಲ್ಲಿ ಮಲಗಬೇಕಲ್ಲ.

ನಮಸ್ಕಾರ.