ಕಾರ್ಕ್ ನಗರದ ಮೇಯರ್ ಕುರ್ಚಿ

ಸ್ನೇಹಿತರೆ,

ಟೆರೆನ್ಸ್ ಮ್ಯಾಕ್‌ಸ್ವೀನಿ ಎಂಬ ಹೆಸರನ್ನು ನಮ್ಮಲ್ಲಿ ಕೇಳಿದವರು ಬಹುಮಟ್ಟಿಗೆ ಕೇಳಿರುವುದು ಜತೀಂದ್ರನಾಥ ದಾಸರ ಕಥೆಯೊಳಗೆ. 1929ರ ಸೆಪ್ಟೆಂಬರ್ 13ರಂದು ಲಾಹೋರಿನ ಜೈಲಿನಲ್ಲಿ 63 ದಿನದ ಉಪವಾಸದ ನಂತರ ದಾಸರು ಪ್ರಾಣ ಬಿಟ್ಟರು. ಆಗ ಐರ್ಲೆಂಡಿನಿಂದ ಮ್ಯಾಕ್‌ಸ್ವೀನಿ ಕುಟುಂಬದ ತಂತಿ ಬಂತು. ದುಃಖವಾಗಿದೆ, ಹೆಮ್ಮೆಯೂ ಆಗಿದೆ, ಸ್ವಾತಂತ್ರ್ಯ ಬಂದೇ ಬರುತ್ತದೆ ಎಂಬುದು ಅದರ ಒಕ್ಕಣೆ. ಹಾಗಾಗಿ 74 ದಿನ ಅನ್ನ ಬಿಟ್ಟು ಸತ್ತ ಐರಿಷ್ ವೀರ ಎಂಬ ಒಂದು ಸಾಲು ನಮ್ಮ ತಲೆಯಲ್ಲಿ ಉಳಿದುಕೊಂಡಿದೆ. ನಾನು ಈ ಹೊತ್ತು ಆ 74 ದಿನಗಳ ಹಿಂದಿದ್ದ ಮನುಷ್ಯನ ಬಗ್ಗೆ, ಅವರು ಕೂತಿದ್ದ ಒಂದು ಕುರ್ಚಿಯ ಬಗ್ಗೆ ಮಾತಾಡಬೇಕೆಂದಿದ್ದೇನೆ.

ಮ್ಯಾಕ್‌ಸ್ವೀನಿ 1879ರ ಮಾರ್ಚ್ 28ರಂದು ಐರ್ಲೆಂಡಿನ ಕಾರ್ಕ್ ನಗರದಲ್ಲಿ ಹುಟ್ಟಿದವರು. ತಂದೆಯ ತಂಬಾಕಿನ ಕಾರ್ಖಾನೆ ಮುಳುಗಿತು. ಅವರು ಹೆಂಡತಿ ಮಕ್ಕಳನ್ನು ಬಿಟ್ಟು ಆಸ್ಟ್ರೇಲಿಯಕ್ಕೆ ಹೊರಟವರು ಅಲ್ಲೇ ತೀರಿಕೊಂಡರು. ಹುಡುಗ 15ನೇ ವಯಸ್ಸಿಗೆ ಶಾಲೆ ಬಿಟ್ಟು ಲೆಕ್ಕ ಬರೆಯುವ ಗುಮಾಸ್ತನಾದ. ಹಗಲು ಕೆಲಸ, ಬಿಡುವಿನಲ್ಲಿ ಓದು. ಹೀಗೆ 1907ರಲ್ಲಿ ಪದವಿ. ಮರುವರ್ಷ ಡೇನಿಯಲ್ ಕಾರ್ಕರಿ ಜೊತೆ ಸೇರಿ ಊರಿನಲ್ಲಿ ನಾಟಕ ಸಂಘ ಕಟ್ಟಿದರು, ಅದಕ್ಕಾಗಿ ನಾಟಕಗಳನ್ನೂ ಬರೆದರು. ಲೆಕ್ಕದ ಪುಸ್ತಕ ಮತ್ತು ನಾಟಕದ ಕೈಬರಹ, ಇವೆರಡೂ ಒಂದೇ ಕೈಯಲ್ಲಿದ್ದುದನ್ನು ನೆನಪಿಡಿ. ಮುಂದೆ ಈ ಮನುಷ್ಯ ನಡೆದುಕೊಂಡ ರೀತಿಯಲ್ಲಿ ಎರಡೂ ಕಾಣುತ್ತವೆ.

1913ರಲ್ಲಿ ಕಾರ್ಕ್‌ನಲ್ಲಿ ಐರಿಷ್ ಸ್ವಯಂಸೇವಕ ಪಡೆಯನ್ನು ಕಟ್ಟಿದವರಲ್ಲಿ ಅವರೂ ಒಬ್ಬರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ಎದ್ದ 1916ರ ಈಸ್ಟರ್ ಬಂಡಾಯದ ದಿನ ಮೇಲಿನಿಂದ ಒಂದಕ್ಕೊಂದು ವಿರುದ್ಧವಾದ ಆದೇಶಗಳು ಬಂದು ಕಾರ್ಕ್ ಸುಮ್ಮನಿದ್ದುಬಿಟ್ಟಿತು. ಡಬ್ಲಿನ್ ಹೊತ್ತಿ ಉರಿಯುವಾಗ ತಾವು ಕೈಕಟ್ಟಿ ಕೂತೆವಲ್ಲ ಎಂಬ ಕೊರಗು ಅವರನ್ನು ಕಡೆಯವರೆಗೂ ಬಿಡಲಿಲ್ಲ ಎಂದೇ ನನಗನಿಸುತ್ತದೆ. ಆಮೇಲೆ ಜೈಲು, ಇಂಗ್ಲೆಂಡಿಗೆ ಗಡೀಪಾರು. 1917ರ ಜೂನ್‌ನಲ್ಲಿ ಬ್ರೋಮ್‌ಯಾರ್ಡ್ ಎಂಬ ಇಂಗ್ಲಿಷ್ ಊರಿನಲ್ಲಿ ಗಡೀಪಾರಾಗಿದ್ದಾಗಲೇ ಮ್ಯೂರಿಯಲ್ ಮರ್ಫಿಯವರ ಕೈಹಿಡಿದರು. ಮದುವೆಗೆ ತೊಟ್ಟದ್ದು ಸ್ವಯಂಸೇವಕ ಪಡೆಯ ಸಮವಸ್ತ್ರ. 1918ರ ಚುನಾವಣೆಯಲ್ಲಿ ಮಿಡ್ ಕಾರ್ಕ್ ಕ್ಷೇತ್ರದಿಂದ, ಐರ್ಲೆಂಡಿನ ಸ್ವಾತಂತ್ರ್ಯ ಬಯಸಿದ ಶಿನ್ ಫೇನ್ ಪಕ್ಷದ ಅಭ್ಯರ್ಥಿಯಾಗಿ ಅವಿರೋಧವಾಗಿ ಗೆದ್ದರು. ಗೆದ್ದವರು ಲಂಡನ್ನಿನ ಸಂಸತ್ತಿಗೆ ಹೋಗದೆ ಡಬ್ಲಿನ್ನಿನಲ್ಲೇ ತಮ್ಮ ಸಂಸತ್ತು ಸೇರಿಸಿದರು. ಅದರ ಹೆಸರು ಡಾಲ್.

1920ರ ಜನವರಿಯ ಪುರಸಭಾ ಚುನಾವಣೆಯ ನಂತರ ಕಾರ್ಕ್‌ನ ಲಾರ್ಡ್ ಮೇಯರ್ ಆದವರು ಮ್ಯಾಕ್‌ಸ್ವೀನಿಯ ಆಪ್ತಮಿತ್ರ ಟೋಮಾಸ್ ಮ್ಯಾಕ್ ಕರ್ಟನ್. ನಗರಸಭೆ ಡಾಲ್‌ಗೆ ತನ್ನ ನಿಷ್ಠೆಯನ್ನು ಘೋಷಿಸಿತು. ಮಾರ್ಚ್ 20ರ ನಸುಕಿನಲ್ಲಿ ಮುಖಕ್ಕೆ ಮಸಿ ಬಳಿದುಕೊಂಡವರು ಮ್ಯಾಕ್ ಕರ್ಟನ್ನರ ಮನೆಗೆ ನುಗ್ಗಿ ಅವರನ್ನು ಗುಂಡಿಟ್ಟು ಕೊಂದರು. ಆ ದಿನ ಅವರಿಗೆ 36 ತುಂಬಿತ್ತು. ವಿಚಾರಣೆ ನಡೆಸಿದ ಪಂಚರು ಕೊಲೆಯ ಹೊಣೆಯನ್ನು ಪೊಲೀಸರ ಮೇಲೆ ಹೊರಿಸಿದ್ದಲ್ಲದೆ, ಪ್ರಧಾನಿ ಲಾಯ್ಡ್ ಜಾರ್ಜ್ ಹೆಸರನ್ನೂ ಬರೆದುಕೊಟ್ಟರು.

ರಕ್ತ ಇನ್ನೂ ಆರಿರಲಿಲ್ಲ. ಆ ಕುರ್ಚಿಗೆ ಯಾರು ಬಂದಾರು? ಮ್ಯಾಕ್‌ಸ್ವೀನಿ ಬಂದರು. ಅಧಿಕಾರ ವಹಿಸಿಕೊಂಡ ದಿನದ ಭಾಷಣದಲ್ಲಿ ಅವರು ಆಡಿದ ಮಾತು ಇಂದಿಗೂ ಐರ್ಲೆಂಡಿನವರ ಬಾಯಲ್ಲಿದೆ: ಹೆಚ್ಚು ನೋವು ಕೊಡಬಲ್ಲವರಿಗಲ್ಲ, ಹೆಚ್ಚು ನೋವು ತಾಳಬಲ್ಲವರಿಗೇ ಗೆಲುವು.

ಈ ಒಂದು ಮಾತನ್ನಷ್ಟೇ ಹಿಡಿದು ಅವರನ್ನು ಗಾಂಧಿಮಾರ್ಗದವರ ಸಾಲಿಗೆ ಸೇರಿಸುವುದು ನಮ್ಮಲ್ಲಿ ಉಂಟು. ಅದು ತಪ್ಪು. ಮೇಯರ್ ಆಗಿದ್ದಾಗಲೇ ಅವರು ಸಶಸ್ತ್ರ ಪಡೆಯ ಕಾರ್ಕ್ ಬ್ರಿಗೇಡಿನ ನಾಯಕರೂ ಆಗಿದ್ದರು. ಬಂದೂಕನ್ನು ಅವರು ಬಿಟ್ಟಿರಲಿಲ್ಲ, ಬಿಡುವ ಮಾತನ್ನೂ ಆಡಿರಲಿಲ್ಲ. ಅವರನ್ನು ಇದ್ದಂತೆಯೇ ನೋಡೋಣ.

ಆಗಸ್ಟ್ 12ರ ಸಂಜೆ ಬ್ರಿಟಿಷ್ ಸೈನ್ಯ ಸಿಟಿ ಹಾಲನ್ನು ಸುತ್ತುವರಿಯಿತು. ಸಿಕ್ಕಿದ್ದು 12 ಜನ. ಅವರಲ್ಲಿ ಲಿಯಮ್ ಲಿಂಚ್ ಅವರಂಥ ದೊಡ್ಡ ದಳಪತಿಗಳೂ ಇದ್ದರು. ಗುರುತು ಸಿಗದೆ ಉಳಿದವರನ್ನೆಲ್ಲ ಕೆಲವೇ ದಿನಗಳಲ್ಲಿ ಬಿಟ್ಟರು, ಮೇಯರನ್ನು ಮಾತ್ರ ಇಟ್ಟುಕೊಂಡರು. ಆರೋಪವೇನು? ಪೊಲೀಸರ ಗುಪ್ತಲಿಪಿಯ ಕೀಲಿ, ಡಾಲ್‌ಗೆ ನಿಷ್ಠೆ ಸೂಚಿಸುವ ನಗರಸಭೆಯ ನಿರ್ಣಯದ ಪ್ರತಿ, ಮೇಯರ್ ಆದಾಗ ತಾವೇ ಮಾಡಿದ ಭಾಷಣದ ಪ್ರತಿ ಇವರ ಬಳಿ ಇದ್ದವು ಎಂಬುದು. 16ರಂದು ಸೈನಿಕ ನ್ಯಾಯಾಲಯದ ಮುಂದೆ ನಿಂತು ಅವರು ಹೇಳಿದ್ದರ ಸಾರ ಇದು: ನಾನು ಈ ನಗರದ ಲಾರ್ಡ್ ಮೇಯರ್, ಇಲ್ಲಿನ ಮುಖ್ಯ ದಂಡಾಧಿಕಾರಿ. ನಿಮ್ಮ ನ್ಯಾಯಾಲಯವೇ ಕಾನೂನುಬಾಹಿರ, ಇದರಲ್ಲಿ ಭಾಗವಹಿಸಿದ ನೀವು ಬಂಧನಕ್ಕೆ ಅರ್ಹರು. ಎರಡು ವರ್ಷ ಶಿಕ್ಷೆ ಎಂದಾಗ, ಇನ್ನೊಂದು ತಿಂಗಳಲ್ಲಿ ಬದುಕಿಯೋ ಸತ್ತೋ ನಾನು ಬಿಡುಗಡೆಯಾಗುತ್ತೇನೆ ಎಂದರು. ಹಿಡಿದ ದಿನದಿಂದಲೇ ಊಟ ಬಿಟ್ಟಿದ್ದರು.

ಉಪವಾಸದ ಬೇರು ನನಗೆ ಇಲ್ಲಿ ಕಾಣುತ್ತದೆ. ಐರ್ಲೆಂಡಿನ ಹಳೆಯ ಕಾನೂನಿನಲ್ಲಿ ಟ್ರೊಸ್ಕಡ್ ಎಂಬ ಪದ್ಧತಿ ಇತ್ತು. ಅನ್ಯಾಯಕ್ಕೊಳಗಾದವನು ಬಲಾಢ್ಯನ ಬಾಗಿಲಿಗೆ ಹೋಗಿ ಅನ್ನ ಬಿಟ್ಟು ಕೂರುವುದು. ನಮ್ಮಲ್ಲೂ ಹಿಂದೆ ಸಾಲ ಕೊಟ್ಟವನು ಸಾಲಗಾರನ ಬಾಗಿಲಲ್ಲಿ ಹಸಿದು ಧರಣಿ ಕೂರುತ್ತಿದ್ದ. ಎರಡರಲ್ಲೂ ಕೂತವನು ಭಿಕ್ಷೆ ಕೇಳುತ್ತಿಲ್ಲ, ತನಗೆ ಬರಬೇಕಾದ ಬಾಕಿ ಕೇಳುತ್ತಿದ್ದಾನೆ. ಶಿಕ್ಷೆಯಾದ ಮೇಲೆ ಲಂಡನ್ನಿಗೆ ಸಾಗಿಸಿ, ಅಲ್ಲಿನ ಬ್ರಿಕ್ಸ್‌ಟನ್ ಜೈಲಿನಲ್ಲಿ ಇಟ್ಟಿದ್ದ ಈ ಗುಮಾಸ್ತ ಕೇಳಿದ್ದೂ ಬಾಕಿಯನ್ನೇ. ಜನ ಕೊಟ್ಟ ಅಧಿಕಾರವನ್ನು ಒಪ್ಪಿಕೊಳ್ಳಿ, ಅಷ್ಟೇ.

ತಿಂಗಳು ಕಳೆಯಿತು, ಎರಡಾಯಿತು. ಬಲವಂತವಾಗಿ ಉಣಿಸಲು ಸರ್ಕಾರ ಹಿಂಜರಿಯಿತು. 1917ರಲ್ಲಿ ಥಾಮಸ್ ಆಶ್ ಎಂಬ ಕೈದಿ ಹಾಗೆ ಉಣಿಸಹೋಗಿಯೇ ಸತ್ತಿದ್ದರು. ದೊರೆ ಐದನೇ ಜಾರ್ಜ್ ಕೂಡ ದಯೆ ತೋರಬೇಕೆಂದು ಸೂಚಿಸಿದರು, ಮಂತ್ರಿಮಂಡಲ ಜಗ್ಗಲಿಲ್ಲ. ನ್ಯೂಯಾರ್ಕಿನ ಬಂದರಿನಲ್ಲಿ ಕೂಲಿಗಳು ಬ್ರಿಟಿಷ್ ಹಡಗುಗಳ ಕೆಲಸ ಬಿಟ್ಟು ಹೊರಬಂದರು. ಕಡೆಕಡೆಗೆ ಮ್ಯಾಕ್‌ಸ್ವೀನಿಗೆ ಸನ್ನಿ ಹಿಡಿದು ಪ್ರಜ್ಞೆ ತಪ್ಪಿದಾಗ ಬಾಯಿಗೆ ದ್ರವಾಹಾರ ಹಾಕಿದರು. ಎಚ್ಚರವಿದ್ದಷ್ಟೂ ದಿನ ಅವರು ತಡೆದಿದ್ದ ಕೆಲಸ ಅದು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅಕ್ಟೋಬರ್ 25ರ ಬೆಳಿಗ್ಗೆ ಉಸಿರು ನಿಂತಿತು. ಮಗಳು ಮಾಯ್ರಾಗೆ ಆಗ ಎರಡು ವರ್ಷ ದಾಟಿತ್ತಷ್ಟೆ.

ಅದೇ ದಿನ ಕಾರ್ಕ್ ಜೈಲಿನಲ್ಲಿ ಜೋಸೆಫ್ ಮರ್ಫಿ ಎಂಬ ಯುವಕನೂ ಉಪವಾಸದಲ್ಲೇ ತೀರಿಕೊಂಡ. ಒಂದು ವಾರ ಮೊದಲು ಮೈಕೆಲ್ ಫಿಟ್ಸ್‌ಜೆರಾಲ್ಡ್ ಹೋಗಿದ್ದರು. ಇವರಿಬ್ಬರ ಹಾಸಿಗೆಯ ಬಳಿ ಜಗತ್ತಿನ ಪತ್ರಕರ್ತರು ಕಾದು ನಿಂತಿರಲಿಲ್ಲ. ಮ್ಯಾಕ್‌ಸ್ವೀನಿಯ ಹೆಸರು ಹೇಳುವ ಸಭೆಯಲ್ಲಿ ಈ ಇಬ್ಬರ ಹೆಸರನ್ನೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಡಬ್ಲಿನ್ನಿನಲ್ಲಿ ಜನಸಾಗರ ಸೇರೀತೆಂದು ಹೆದರಿ ಬ್ರಿಟಿಷರು ಶವವನ್ನು ನೇರ ಕಾರ್ಕ್ ಕಡೆಗೇ ಹಡಗಿನಲ್ಲಿ ಸಾಗಿಸಿದರು. ಶವಪೆಟ್ಟಿಗೆಯ ಫಲಕದಲ್ಲಿ ಐರಿಷ್ ಭಾಷೆಯಲ್ಲಿ ಕೆತ್ತಿದ್ದು, ಪರಕೀಯರಿಂದ ಬ್ರಿಕ್ಸ್‌ಟನ್ ಜೈಲಿನಲ್ಲಿ ಕೊಲೆಯಾದವರು ಎಂದು. ತೀರಿಕೊಂಡರು ಎಂಬ ಪದವನ್ನು ಅಲ್ಲಿ ಬಳಸಲಿಲ್ಲ.

ಇನ್ನು ಆ ಕುರ್ಚಿ. ಒಂದೇ ವರ್ಷದಲ್ಲಿ ಇಬ್ಬರನ್ನು ಕಳೆದುಕೊಂಡ ಆ ಜಾಗಕ್ಕೆ ಡೊನಾಲ್ ಒ'ಕ್ಯಾಲಹನ್ ಬಂದರು. ಡಿಸೆಂಬರ್ 11ರ ರಾತ್ರಿ ಬ್ರಿಟಿಷ್ ಪಡೆಗಳು ಊರಿಗೆ ಬೆಂಕಿ ಇಟ್ಟಾಗ ಸಿಟಿ ಹಾಲೂ ಬೂದಿಯಾಯಿತು. ಒ'ಕ್ಯಾಲಹನ್ ಹಡಗೊಂದರಲ್ಲಿ ಅಡಗಿ ಕೂತು, ಪಾಸ್‌ಪೋರ್ಟ್ ಇಲ್ಲದೆ ಅಮೆರಿಕಕ್ಕೆ ಹೋಗಿ ಅಲ್ಲಿ ಸಾಕ್ಷಿ ನುಡಿದರು. 1936ರಲ್ಲಿ ಹೊಸ ಸಿಟಿ ಹಾಲ್ ತೆರೆಯಿತು. ಅದರ ಬಾಗಿಲ ಎದುರು ಇಂದು ಮ್ಯಾಕ್ ಕರ್ಟನ್ ಮತ್ತು ಮ್ಯಾಕ್‌ಸ್ವೀನಿ, ಇಬ್ಬರದೂ ಎದೆಮಟ್ಟದ ಪ್ರತಿಮೆಗಳಿವೆ.