ಪುಲ್‌ಮನ್ ಊರು: ಸಂಬಳ ಇಳೀತು, ಬಾಡಿಗೆ ಇಳೀಲಿಲ್ಲ

ಶಿಕಾಗೋದ ದಕ್ಷಿಣ ಭಾಗ, ಮೆಟ್ರಾ ರೈಲಿನ 111ನೇ ಸ್ಟ್ರೀಟ್ ಸ್ಟೇಷನ್. ಅಲ್ಲಿ ಕಾಣ್ತಿದೆಯಲ್ಲ ಗಡಿಯಾರದ ಗೋಪುರ, ಹಳೇದು ಅಂದ್ಕೋಬೇಡಿ. 1998ರಲ್ಲಿ ಯಾರೋ ಬೆಂಕಿ ಇಟ್ಟು ಸುಟ್ಟುಹೋಯ್ತು, ಇದು ಆಮೇಲೆ ಕಟ್ಟಿದ್ದು. ಕೆಳಗೆ ನ್ಯಾಷನಲ್ ಪಾರ್ಕ್‌ನವರ ವಿಸಿಟರ್ ಸೆಂಟರ್, ಟಿಕೆಟ್ ಇಲ್ಲ.

ಈ ಸಾಲುಮನೆ ನೋಡಿ. ರೈಲಿನ ಸ್ಲೀಪರ್ ಬೋಗಿ ಮಾಡ್ತಿದ್ದ ಜಾರ್ಜ್ ಪುಲ್‌ಮನ್ 1880ರಲ್ಲಿ ಕಟ್ಟಿಸೋಕೆ ಶುರು ಮಾಡಿದ ಕ್ವಾರ್ಟರ್ಸು. ಇಟ್ಟಿಗೆಯ ಮಣ್ಣು ಪಕ್ಕದ ಕ್ಯಾಲುಮೆಟ್ ಕೆರೆಯದ್ದೇ. ಆ ಕಾಲಕ್ಕೇ ನಲ್ಲಿ, ಗ್ಯಾಸ್ ದೀಪ, ಒಳಚರಂಡಿ. ಏನೇ ಹೇಳಿ, ಮನುಷ್ಯ ಜಿಪುಣ ಅಲ್ಲ. ತಡೀರಿ, ಬಾಡಿಗೆ ಲೆಕ್ಕ ಬಂದಾಗ ಈ ಮಾತು ವಾಪಸ್ ತಗೊಳ್ಳೋದಿದೆ.

ಹಾಕಿದ ದುಡ್ಡಿಗೆ ಶೇ. 6 ಹುಟ್ಟಬೇಕು ಅಂತ ಬಾಡಿಗೆ ಇಟ್ಟಿದ್ರು. ಅಕ್ಕಪಕ್ಕದ ಊರಿಗಿಂತ ಶೇ. 20-25 ಜಾಸ್ತಿ. 1893ರಲ್ಲಿ ಬ್ಯಾಂಕುಗಳು ಮುಳುಗಿದ್ವು, ಬೋಗಿ ಕೇಳೋರಿಲ್ಲ. ಸಂಬಳದಲ್ಲಿ ಸರಾಸರಿ ಕಾಲು ಭಾಗ ಕಟ್. ಬಾಡಿಗೆ ಮಾತ್ರ ಒಂದು ಸೆಂಟೂ ಅಲ್ಲಾಡಲಿಲ್ಲ. ಯಾಕೆ ಅಂದ್ರೆ, ಕಾರ್ಖಾನೆ ಒಂದು ವ್ಯಾಪಾರ, ಮನೆ ಇನ್ನೊಂದು ವ್ಯಾಪಾರ, ಒಂದಕ್ಕೊಂದು ಸಂಬಂಧ ಇಲ್ಲ ಅನ್ನೋದು ಕಂಪನಿ ವಾದ.

ಸಂಬಂಧ ಇಲ್ವಾ? ವಸೂಲಿ ಹೇಗಿತ್ತು ಕೇಳಿ. ಸಂಬಳದಲ್ಲಿ ಬಾಡಿಗೆ ಮುರ್ಕೊಳ್ಳೋದಕ್ಕೆ ಕಾನೂನು ಬಿಡ್ತಿರಲಿಲ್ಲ. ಅದಕ್ಕೆ ಎರಡು ಚೆಕ್ ಬರೆದ್ರು: ಬಾಡಿಗೆಯಷ್ಟಕ್ಕೆ ಒಂದು, ಮಿಕ್ಕಿದ್ದಕ್ಕೆ ಒಂದು. ಹದಿನೈದು ದಿನಕ್ಕೊಮ್ಮೆ ಕಂಪನಿಯದೇ ಬ್ಯಾಂಕಿನ ಮುಂದೆ ನಿಂತರೆ, ಮೊದಲ್ನೇ ಚೆಕ್ಕಿನ ಬೆನ್ನಿಗೆ ಸೈನ್ ಹಾಕಿ ಇಲ್ಲೇ ಕೊಟ್ಟುಹೋಗು ಅಂತ ಒತ್ತಾಯ. ಕಂಪನಿ ಮುರ್ಕೊಂಡಿಲ್ಲ ಸ್ವಾಮಿ, ಅವನೇ ಕೊಟ್ಟ! ಒಬ್ಬನ ಪಾಲಿಗೆ ಬಂದ ಎರಡನೇ ಚೆಕ್ 2 ಸೆಂಟಿಂದು. ಅವನು ಅದನ್ನ ನಗದು ಮಾಡಿಸದೆ ಫ್ರೇಮ್ ಹಾಕಿಸಿಟ್ಟ. ಇಷ್ಟು ಹಿಂಡಿದ್ರೂ ಬಾಡಿಗೆ ಬಾಕಿ 70,000 ಡಾಲರ್‌ವರೆಗೆ ಬೆಳೆದಿತ್ತು. 1894ರ ಜುಲೈಗೆ ಮುಗಿದ ಲೆಕ್ಕದ ವರ್ಷದಲ್ಲಿ ಷೇರುದಾರರಿಗೆ ಹಂಚಿದ್ದು 28.8 ಲಕ್ಷ ಡಾಲರ್, ಹಿಂದಿನ ವರ್ಷಕ್ಕಿಂತ ಜಾಸ್ತಿ! ಮನೆಗಳಿಂದ ಹುಟ್ಟುತ್ತಿದ್ದದ್ದು ಶೇ. 3.82 ಅಷ್ಟೇ ಅನ್ನೋದೂ ನಿಜ, ಅದನ್ನೂ ಹೇಳ್ಬೇಕು. ಆದ್ರೂ ಜಿಪುಣನೇ.

ಈ ಹಸಿರು ಕಲ್ಲಿನ ಚರ್ಚಿಗೂ ಬಾಡಿಗೆ! ಕೊಡೋರಿಲ್ಲದೆ ಕೆಲವು ವರ್ಷ ಬೀಗ. ಲೈಬ್ರರಿಗೆ ವರ್ಷಕ್ಕೆ 3 ಡಾಲರ್, ಅದಂತೂ... ಶಾಟ್ ಮುಗೀತು, ಮುಷ್ಕರಕ್ಕೆ ಬರೋಣ.

1894, ಮೇ. ಕಷ್ಟ ಹೇಳ್ಕೊಳ್ಳೋಕೆ ಹೋದ ಸಮಿತಿಯಲ್ಲಿ ಮೂರು ಜನರ ಕೆಲಸ ಹೋಯ್ತು. 11ನೇ ತಾರೀಕು ಕಾರ್ಖಾನೆ ಖಾಲಿ. ಜೂನ್ 26ರಿಂದ ಯುಜೀನ್ ಡೆಬ್ಸ್ ಅವರ ಅಮೆರಿಕನ್ ರೈಲ್ವೆ ಯೂನಿಯನ್ ಇಳೀತು: ಪುಲ್‌ಮನ್ ಬೋಗಿ ಕಳಚಿದ್ರೆ ರೈಲು ಹೋಗುತ್ತೆ, ಇಲ್ಲಾಂದ್ರೆ ಇಲ್ಲ. ಒಟ್ಟಾಗಿ ನಿಂತ 24 ರೈಲ್ವೆ ಕಂಪನಿಗಳು ಕಳಚೋಕೆ ಒಪ್ಪಲಿಲ್ಲ. ಟಪಾಲು ಹೋಗೋದೂ ಅದೇ ರೈಲಲ್ಲಿ. ರೈಲು ತಡೆದ್ರೆ ಟಪಾಲು ತಡೆದ ಹಾಗೆ, ಅದು ಕೇಂದ್ರ ಸರ್ಕಾರದ ಕೇಸು. ಜುಲೈ 2ಕ್ಕೆ ಕೋರ್ಟಿನ ತಡೆಯಾಜ್ಞೆ. ಗವರ್ನರ್ ಆಲ್ಟ್‌ಗೆಲ್ಡ್ ಸೈನ್ಯ ಬೇಕು ಅಂತ ಕೇಳದಿದ್ರೂ ಅಧ್ಯಕ್ಷ ಕ್ಲೀವ್‌ಲ್ಯಾಂಡ್ ಸೈನ್ಯ ಇಳಿಸಿದ್ರು. ವಾರದ ಹಿಂದೆ, ಜೂನ್ 28ಕ್ಕೆ, ಕಾರ್ಮಿಕ ದಿನದ ರಜೆಗೆ ಸೈನ್ ಹಾಕಿದ್ದೂ ಇದೇ ಮನುಷ್ಯ. ಡೆಬ್ಸ್‌ಗೆ ತಡೆಯಾಜ್ಞೆ ಮೀರಿದ್ದಕ್ಕೆ ಆರು ತಿಂಗಳು ಜೈಲು.

ಯೂನಿಯನ್ನೂ ಸಾಚಾ ಅಲ್ಲ. ಕಪ್ಪು ಜನರನ್ನ ಸದಸ್ಯರಾಗೋಕೇ ಬಿಡಲಿಲ್ಲ. ಬೋಗಿಯೊಳಗೆ ಹಾಸಿಗೆ ಹಾಸ್ತಿದ್ದ ಪೋರ್ಟರ್‌ಗಳೇ ಹೊರಗೆ ಉಳಿದ್ರು. ಎ. ಫಿಲಿಪ್ ರಾಂಡಾಲ್ಫ್ ಮುಂದಾಳತ್ವದಲ್ಲಿ 1925ರಲ್ಲಿ ತಮ್ಮದೇ ಸಂಘ ಕಟ್ಕೊಂಡು, ಕಂಪನಿಯಿಂದ ಒಪ್ಪಂದಕ್ಕೆ ಸೈನ್ ಹಾಕಿಸ್ಕೊಂಡಿದ್ದು 1937ರಲ್ಲಿ. ಅವರ ಮ್ಯೂಸಿಯಂ ಇಲ್ಲಿಂದ ಉತ್ತರಕ್ಕೆ, ನಡ್ಕೊಂಡೇ ಹೋಗಬಹುದು.

ಊರು ಏನಾಯ್ತು ಅಂದ್ರೆ, ಕಂಪನಿ ಬೋಗಿ ಮಾಡಬೇಕು, ಊರು ಇಟ್ಕೊಳ್ಳೋ ಹಾಗಿಲ್ಲ ಅಂತ 1898ರಲ್ಲಿ ಇಲಿನಾಯ್ ಸುಪ್ರೀಂ ಕೋರ್ಟ್ ತೀರ್ಪು ಕೊಡ್ತು. ಮನೆಗಳು ಮಾರಾಟ ಆದ್ವು. ಈಗಲೂ ಒಳಗೆ ಜನ ಇದ್ದಾರೆ, ಅದಕ್ಕೇ ಕಿಟಕಿ ಕಡೆ ಕ್ಯಾಮೆರಾ ತಿರುಗಿಸ್ತಿಲ್ಲ.